ಸ್ಥಗಿತ ಎಂದು ಬರೆದ ಶೀನಪ್ಪ

ಕೊಡಿಯಾಲ್‌ಬೈಲಿನ ಒಂದು ಸರ್ಕಾರಿ ಕಚೇರಿಯಲ್ಲಿ ತಿಂಗಳ ಪ್ರಗತಿ ವರದಿ ಬರೆಯುವುದು ಗುಮಾಸ್ತ ಶೀನಪ್ಪನ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ‘ಸ್ಥಗಿತ’ ಎಂಬ ಪದವನ್ನು ಒಮ್ಮೆಯೂ ಬರೆದವನಲ್ಲ. ನಿಂತುಹೋದ ಕೆಲಸಕ್ಕೆ ಮೊದಲ ವರ್ಷ ‘ಪ್ರಗತಿಯಲ್ಲಿದೆ’, ಎರಡನೇ ವರ್ಷ ‘ಅಂತಿಮ ಹಂತದಲ್ಲಿದೆ’. ಅಷ್ಟರಲ್ಲಿ ಕೇಳುವವರಿಗೇ ವರ್ಗವಾಗಿರುತ್ತದೆ. ನಿಘಂಟಿನಲ್ಲಿ ಆ ಪದಕ್ಕೆ ಮುಂದೆ ಸಾಗದೆ ನಿಂತದ್ದು ಎಂಬ ಅರ್ಥವಿರಬಹುದು; ಕಚೇರಿಯಲ್ಲಿ ಮೇಲಿನವರಿಂದ ನೋಟೀಸು ಎಂದೇ ಅರ್ಥ.

ಇಂಥ ನೆಮ್ಮದಿಯ ಮನುಷ್ಯನ ತಲೆ ಕೆಡಿಸಿದ್ದು ಉರ್ವದಲ್ಲಿ ಅವನ ಮನೆಯೆದುರಿನ ಚರಂಡಿ, ಅದೂ ಅವನದೇ ಕಚೇರಿಯ ಕೆಲಸ. ಹೊಸದು ಕಟ್ಟುತ್ತೇವೆಂದು ಆಳುದ್ದ ಅಗೆದು ಹೋದ ಕಂಟ್ರಾಕ್ಟರು ಹದಿನಾಲ್ಕು ತಿಂಗಳಾದರೂ ಇತ್ತ ತಲೆ ಹಾಕಿರಲಿಲ್ಲ. ದಾಟಲು ಒಂದೇ ಹಲಗೆ. ಮಂಡಿ ನೋವಿನ ಹೆಂಡತಿ ಅಮ್ಮಣಿಗೆ ಅದರ ಮೇಲೆ ಕಾಲಿಡುವ ಧೈರ್ಯವಿಲ್ಲ. ಮಾರ್ಕೆಟ್ಟು, ಮದುವೆ, ಕಾಟಿಪಳ್ಳದ ತಂಗಿಯ ಮನೆ, ಎಲ್ಲವೂ ಬಂದ್.

“ಊರಿನದ್ದೆಲ್ಲ ಬರೀತೀರಿ, ಮನೆಯೆದುರಿನದ್ದು ಕಾಣುವುದಿಲ್ವಾ? ನಿಂತದ್ದನ್ನು ನಿಂತಿದೆ ಅಂತ ಬರೆಯಲಿಕ್ಕೆ ಎಂತ ಕಷ್ಟ ಉಂಟು?” ಎಂದಳು ಅಮ್ಮಣಿ.

ಆ ತಿಂಗಳು ಶೀನಪ್ಪ ಚರಂಡಿಯ ಮುಂದೆ ಬರೆದ: ‘ಸ್ಥಗಿತ’.

ಸಾಹೇಬರು ಕರೆಸಿದರು. ಬೈಯಲಿಲ್ಲ, ಅದೇ ಹೆದರಿಕೆ. “ಎಂತ ಮಾರಾಯ್ರೆ ಇದು? ನಿಂತಿದೆ ಅಂದ್ರೆ ಯಾಕೆ ನಿಂತಿತು, ಯಾರು ನಿಲ್ಲಿಸಿದ್ದು ಅಂತ ಕೇಳ್ತಾರೆ. ಮುಗಿದಿದೆ ಅಂದ್ರೆ ಯಾರೂ ಎಂತದೂ ಕೇಳುವುದಿಲ್ಲ. ಮುಗಿಸಿಬಿಡಿ.”

ಶೀನಪ್ಪ ನಿಂತಲ್ಲೇ ಚರಂಡಿಯನ್ನು ಮುಗಿಸಿದ. ನಾಚಿಕೆಯಾಯಿತು, ಆದರೆ ಪೆನ್ನು ಸರಾಗವಾಗಿ ಓಡಿತು.

ಮುಗಿದ ಕೆಲಸಕ್ಕೆ ಫಲಾನುಭವಿಯ ಫೋಟೋ ಬೇಕು. ಮರುದಿನ ಬೆಳಿಗ್ಗೆ ಕಚೇರಿಯ ಜೀಪು ಉರ್ವಕ್ಕೆ ಬಂತು. ಹೊಂಡ ಕಾಣಬಾರದೆಂದು ಶೀನಪ್ಪನೂ ಡ್ರೈವರನೂ ಅಮ್ಮಣಿಯನ್ನು ಕುರ್ಚಿ ಸಮೇತ ಎತ್ತಿ, ಹಲಗೆಯ ಮೇಲೆ ಜೀವ ಕೈಯಲ್ಲಿ ಹಿಡಿದು ನಡೆದು, ರಸ್ತೆಯಲ್ಲಿ ಇಳಿಸಿದರು.

“ಸ್ವಲ್ಪ ನಗಿ ಅಕ್ಕಾ,” ಎಂದ ಡ್ರೈವರ್.

ಅಮ್ಮಣಿ ಮನಸಾರೆ ನಕ್ಕಳು. ಎಷ್ಟು ಕಾಲದ ಮೇಲೆ ರಸ್ತೆ ಮೆಟ್ಟಿದ್ದಳು! ಫೋಟೋ ಹನ್ನೆರಡರೊಳಗೆ ಮೇಲಕ್ಕೆ ಹೋಗಬೇಕಿತ್ತು. “ರಸ್ತೆಯಾಚೆಯ ಮನೆಯಲ್ಲಿ ಕೂತಿರು, ಸಂಜೆ ಬಂದು ದಾಟಿಸ್ತೇನೆ,” ಎಂದು ಶೀನಪ್ಪ ಜೀಪು ಹತ್ತಿದ.

ಸಂಜೆ ಬಂದಾಗ ರಸ್ತೆಯಲ್ಲಿ ಕುರ್ಚಿ ಮಾತ್ರ ಇತ್ತು. ಫೋನು ಮಾಡಿದರೆ ಅಮ್ಮಣಿ ಕಾಟಿಪಳ್ಳದಲ್ಲಿ ತಂಗಿಯ ಜೊತೆ ಚಾ ಕುಡಿಯುತ್ತಿದ್ದಳು.

“ಯಾವಾಗ ಬರ್ತೀ?”

“ಆ ಚರಂಡಿ ಮುಗಿದ ದಿವಸ ಬರ್ತೇನೆ.”

ಶೀನಪ್ಪ ಕುರ್ಚಿ ಎತ್ತಿಕೊಂಡು ಒಬ್ಬನೇ ಹಲಗೆ ದಾಟಿದ. ಮುಗಿದ ಕೆಲಸವನ್ನು ಮತ್ತೆ ಮುಗಿಸುವ ದಾರಿ ಯಾವ ಕಚೇರಿಯಲ್ಲೂ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?