ಗ್ಲೈಡರಿಗೂ ಒಂದು ದೃಷ್ಟಿಬೊಟ್ಟು

"ರೆಕ್ಕೆ ಮೇಲೆ ಅದೇನ್ರೀ ಕಪ್ಪಗೆ? ಸುಟ್ಟಿದೆಯಾ?" ಎಂದು ತರೀಕೆರೆಯಿಂದ ಫೋನ್ ಮಾಡಿದವರು ಕೇಳಿದಾಗ ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು.

ನಮ್ಮ ಮನೆಯವರು ತಾವೇ ಕಟ್ಟಿ, ಕಡೂರಿನ ಬಯಲಲ್ಲಿ ರಿಮೋಟ್ ಹಿಡಿದು ಹಾರಿಸುತ್ತಿದ್ದ ಪುಟ್ಟ ಗ್ಲೈಡರನ್ನು ಮಾರಲೆಂದು ಆನ್‌ಲೈನಿನಲ್ಲಿ ಹಾಕಿದ್ದೆವು. ಮೇಲೆ ಹೋದರೆ ಅದು ಈಗ ಅವರ ಕಣ್ಣಿಗೆ ಕಾಣುವುದಿಲ್ಲ. ಅಟ್ಟದಲ್ಲಿ ಧೂಳು ಹಿಡಿಯುವ ಬದಲು ಹಾರಿಸುವವರ ಕೈ ಸೇರಲಿ ಎಂಬುದೊಂದೇ ಅವರ ಆಸೆ. ಅದಕ್ಕೇ ನಾನು ಎಳೆಬಿಸಿಲಲ್ಲಿ ಬಿಳಿ ಪಂಚೆ ಹಾಸಿ, ಅಂಟು ಹಾಕಿದ ಜಾಗವನ್ನೂ ಮುಚ್ಚಿಡದೆ ಫೋಟೊ ತೆಗೆದಿದ್ದೆ. ನನ್ನ ನೆರಳು ಬೀಳದಂತೆ ನೋಡುವುದರಲ್ಲೇ ಗಮನವೆಲ್ಲ ಹೋಗಿತ್ತು. ಈ ಕಪ್ಪು ಎಲ್ಲಿಂದ ಬಂತು?

ಹೂ ಕಟ್ಟುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ನಾನೇ ಕಣೇ ಕಾಡಿಗೆ ಇಟ್ಟಿದ್ದು. ಊರೋರೆಲ್ಲ ಮೊಬೈಲಲ್ಲಿ ನೋಡ್ತಾರೆ ಅಂದ್ಯಲ್ಲ, ದೃಷ್ಟಿ ಆಗಲ್ವಾ?"

ಫೋನಿನ ಸ್ಪೀಕರ್ ಹಾಕಿಯೇ ಇತ್ತು. ಆ ಕಡೆಯವರು ಜೋರಾಗಿ ನಕ್ಕುಬಿಟ್ಟರು. "ಒರೆಸ್ಬೇಡಿ ಅಜ್ಜಿ, ಅದು ಹಂಗೇ ಇರ್ಲಿ. ಸಂಜೆ ಬತ್ತೀನಿ" ಎಂದರು. ಹೇಳಿದಂತೆಯೇ ಬಂದು, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದರು.

ಮೊನ್ನೆ ಅವರೊಂದು ವಿಡಿಯೊ ಕಳಿಸಿದ್ದರು. ಮೋಡದ ಕೆಳಗೆ ಗ್ಲೈಡರ್ ನಿಧಾನಕ್ಕೆ ಸುತ್ತು ಹಾಕುತ್ತಿತ್ತು. ನಮ್ಮ ಮನೆಯವರು ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿ, "ಕಾಣ್ತಿದೆ ಕಣೇ" ಎಂದರು. ಈಗ ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಾ ಅಂಗೈಯಲ್ಲೇ ಅದನ್ನೊಮ್ಮೆ ಹಾರಿಸುತ್ತಾರೆ.