ಚಪ್ಪಲಿಗಂಟಿದ ಮರಳು

ಖಜಾಂಚಿ ಮಾಮ ಚರ್ಚಿನ ಅಂಗಳದಿಂದ ಹೊರಬೀಳುವ ಮುನ್ನ ಗೇಟಿನ ಬಳಿ ನಿಂತು, ಟೈರಿನ ಚಪ್ಪಲಿಗಳನ್ನು ಬಿಚ್ಚಿ, ಒಂದಕ್ಕೊಂದು ಪಟಪಟನೆ ಬಡಿಯುತ್ತಿದ್ದರು. ಅಂಟಿದ ಮರಳೆಲ್ಲ ಉದುರಿದ ಮೇಲೆಯೇ ಮನೆಯ ದಾರಿ ಹಿಡಿಯುವುದು. ಎಂಬತ್ತರ ದಶಕದಲ್ಲಿ, ತಮಿಳುನಾಡಿನ ಕುನ್ನತ್ತೂರಿನ ಹತ್ತಿರದ ನಮ್ಮೂರಲ್ಲಿ, ಚರ್ಚಿನವರು ಒಂದು ಹೆರಿಗೆ ಕೋಣೆ ಕಟ್ಟಿಸತೊಡಗಿದ್ದರು. ಕೆಲಸದ ಹೊಣೆ ಇವರದು.

"ಮರಳನ್ನೂ ಬಿಡಲ್ವಾ ಮಾಮಾ?" ಎಂದು ನಾನೂ ಅವರ ಮಗಳೂ ಕಾಡುತ್ತಿದ್ದೆವು.

"ಅದೂ ಸಾಮಿದೇ, ಕಣ್ಣು. ನಮ್ಮ ಮನೇಲಿ ಅದಕ್ಕೇನು ಕೆಲಸ?"

ನಾವು ಮಾರಿಯಮ್ಮನಿಗೆ ನಡೆದುಕೊಳ್ಳುವ ಕನ್ನಡದ ಒಕ್ಕಲು ಮನೆಯವರು. ಗೋಡೆಯಾಚೆ ಅವರ ಮನೆ. ತಮಿಳರಾದರೂ ನಮ್ಮೊಡನೆ ನಮ್ಮ ಮನೆಮಾತನ್ನೇ ತಮ್ಮ ರಾಗದಲ್ಲಿ ಆಡುವರು, ಮಕ್ಕಳನ್ನು ಮಾತ್ರ ತಮಿಳಿನ ಮುದ್ದಿನಲ್ಲಿ 'ಕಣ್ಣು' ಎನ್ನುವರು. ಸಿಮೆಂಟಿನ ಖಾಲಿ ಚೀಲವನ್ನೂ ಕೊಡವಿ ಮಡಿಸಿ ಇಡಿಸುತ್ತಿದ್ದ ಅವರೆಂದರೆ ಮೇಸ್ತ್ರಿಗೆ ತಲೆನೋವು. ಜಿಪುಣ ಎಂದು ನನ್ನಮ್ಮನೂ ಗೊಣಗುವಳು. ಆದರೆ ನಮ್ಮಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಹಾಲಿನ ಚೊಂಬು ಬರುತ್ತಿದ್ದುದು ಆ ಮನೆಯಿಂದಲೇ.

ತಾಯಿಯಿಲ್ಲದ ಆ ಒಬ್ಬಳೇ ಮಗಳು ನನ್ನ ಜೀವದ ಗೆಳತಿ. ಕಾಂಗೇಯಂ ತಳಿಯ ಹೆಣ್ಣು ಕರುವೊಂದನ್ನು ಕೈತುತ್ತು ಕೊಟ್ಟು ಸಾಕಿದ್ದಳು. ಚರ್ಚಿನ ಸುಗ್ಗಿ ಹಬ್ಬಕ್ಕೆ ಅದನ್ನು ಹೆರಿಗೆ ಕೋಣೆಗೆ ಕೊಡುತ್ತೇನೆಂದು ಎಲ್ಲರೆದುರು ಹೇಳಿಯೂ ಬಿಟ್ಟಿದ್ದಳು. ಹಬ್ಬ ಬರುವ ಮೊದಲೇ ಕಾಮಾಲೆ ಅವಳನ್ನು ಕೊಂಡೊಯ್ದಿತು.

ಆ ಹಬ್ಬದಲ್ಲಿ ಜನ ಕಾಣಿಕೆ ತಂದ ಕೋಳಿ, ಕುಂಬಳ, ತೆಂಗಿನಕಾಯಿಗಳನ್ನು ಆರಾಧನೆಯ ನಂತರ ಬೇವಿನ ಮರದಡಿ ಹರಾಜು ಹಾಕುವುದು ಪದ್ಧತಿ. ಹರಾಜು ನಡೆಸುವವರು ಮಾಮನೇ. ಹಾಗಾಗಿ ತಾವು ಮಾತ್ರ ಅಲ್ಲಿ ಏನನ್ನೂ ಕೊಳ್ಳಬಾರದೆಂದು ತಮಗೆ ತಾವೇ ಕಟ್ಟು ಹಾಕಿಕೊಂಡಿದ್ದರು. ಮಗಳ ಮಾತಿನಂತೆ ಕರುವನ್ನೂ ಹರಾಜಿಗಿಡುವವರಿದ್ದರು. ಹಬ್ಬದ ಹಿಂದಿನ ಸಂಜೆ ಅಪ್ಪ ಗೋಡೆಯ ಬಳಿ ನಿಂತು ಕೇಳಿದ:

"ಅಣ್ಣಾ, ಕರೂನ ನಾನೇ ಕೂಗಿ ತಗೊತೀನಿ. ನಮ್ಮ ಕೊಟ್ಟಿಗೇಲಿ ಇರಲಿ. ನೀವು ದಿನಾ ನೋಡ್ಬಹುದು."

ಮಾಮ ತಮ್ಮಂಗಳದ ಕರುವಿನತ್ತ ತಿರುಗಿ ನೋಡಿದರು. ಅವರಿಗೆ ಆಸೆಯಾಯಿತೆಂದು ನನಗೆ ಗೊತ್ತಾಯಿತು.

"ಬೇಡ ತಂಬಿ. ನೀ ಬಾಯಿ ತೆಗೆದ್ರೆ ಆಮೇಲೆ ಯಾರೂ ಕೂಗಲ್ಲ. ಪಾವಂ, ಪಾಪ ಅಂತ ಸುಮ್ಮನಾಗ್ತಾರೆ. ನಮ್ಮನೆ ಸಾವಿಗೆ ಹೆರಿಗೆ ಕೋಣೆ ಯಾಕೆ ನಷ್ಟ ಪಡಬೇಕು?"

ಮರುದಿನ ಅಪ್ಪ ಬಾಯಿ ಬಿಡಲಿಲ್ಲ. ಆದರೂ ಮಾಮ ಹೇಳಿದಂತೆಯೇ ಆಯಿತು. ಕಾಂಗೇಯಂ ಕಡೆಯ ದನದ ವ್ಯಾಪಾರಿಯೊಬ್ಬ ಕಡಿಮೆ ಬೆಲೆ ಕೂಗಿದ. ಊರವರೆಲ್ಲ ತಲೆ ತಗ್ಗಿಸಿ ನಿಂತರು. ಸತ್ತ ಹುಡುಗಿಯ ಕರುವಿಗೆ ಬೆಲೆ ಏರಿಸಲು ಯಾರಿಗೂ ಮನಸ್ಸಿಲ್ಲ.

ಆಗ ಮಾಮ ಕರುವಿನ ಪಕ್ಕ ಹೋಗಿ ನಿಂತರು. ಅದರ ಬಾಯಿ ಬಿಡಿಸಿ ಹಲ್ಲು ತೋರಿಸಿದರು. ಬೆನ್ನು ಸವರಿದರು.

"ನೋಡ್ರಪ್ಪಾ, ಹುಟ್ಟಿದಾಗಿನ ಕೆಂಪು ಇನ್ನೂ ಪೂರಾ ಹೋಗಿಲ್ಲ, ಅಷ್ಟು ಎಳೇದು. ಒಳ್ಳೆ ಸುಳಿ. ಹಾಯಲ್ಲ, ಒದೆಯಲ್ಲ. ಹೆಣ್ಮಗು ಕೈಯಲ್ಲಿ..." ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, "ಹೆಣ್ಮಗು ಕೈಯಲ್ಲಿ ಬೆಳೆದದ್ದು. ಈ ಬೆಲೆಗೆ ಕೊಡೋಕಾಗಲ್ಲ. ಕೂಗಿ!" ಎಂದರು.

ಬೆಲೆ ಏರಿತು. ಕೊನೆಗೆ ವ್ಯಾಪಾರಿಯೇ ಕೊಂಡ. ಕರು ಅವನ ಹಿಂದೆ ಹೋಗಲೊಲ್ಲದೆ ಮೊಂಡು ಹಿಡಿದಾಗ ಮಾಮನೇ ಹಗ್ಗ ಹಿಡಿದು ರಸ್ತೆಯವರೆಗೆ ನಡೆಸಿಕೊಂಡು ಹೋದರು. ನಾನು ಅಳು ತಡೆಯಲಾರದೆ ಮನೆಗೆ ಓಡಿದೆ. ಅಂದು ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೆಲವು ವರ್ಷಗಳ ನಂತರ ತವರಿಗೆ ಬಂದಿದ್ದಾಗ ಅದೇ ಕೋಣೆಯಲ್ಲಿ ನನಗೆ ಹೆರಿಗೆಯಾಯಿತು. ಕಷ್ಟದ ಹೆರಿಗೆ. ಕೊಯಮತ್ತೂರಿನವರೆಗೆ ಹೋಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದಳು ನರ್ಸಮ್ಮ. ಮಾಮ ನೋಡಲು ಬಂದರು. ಸೊರಗಿ ಹೋಗಿದ್ದರು. ಮಗುವನ್ನು ಕಣ್ತುಂಬ ನೋಡಿ, ಹೊರಡುವಾಗ ಬಾಗಿಲಿಗೆ ಕೈಯಿಟ್ಟರು.

"ಇದು ನಮ್ಮ ಕರು ಬಾಗಿಲು ಕಣ್ಣು. ಇದಕ್ಕೆ ಬೇರೆ ದುಡ್ಡು ಸೇರಿಸಿಲ್ಲ."

ಕರುವಿನ ಕೊರಳು ತುರಿಸುವ ಹಾಗೆ ಆ ಹಲಗೆಯನ್ನು ಸವರಿ ಹೋದರು. ಕಾಂಪೌಂಡ್ ಗೋಡೆಯ ಕೆಲಸ ಆಗಿನ್ನೂ ನಡೆದಿತ್ತು, ಅಂಗಳದ ತುಂಬ ಮರಳು. ಗೇಟಿನಲ್ಲಿ ಚಪ್ಪಲಿ ಬಡಿಯುವ ಸದ್ದಿಗೆ ಕಿವಿಗೊಟ್ಟು ಮಲಗಿದ್ದೆ. ಅಂದು ಅದು ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಾಮ ತೀರಿಕೊಂಡರು. ಮಣ್ಣು ಮುಗಿಸಿ ಬಂದು, ಮಾರಿಯಮ್ಮನ ಮುಂದೆ ದೀಪ ಹಚ್ಚಿ ಕೂತೆ. ನನ್ನ ಮಗುವನ್ನು ನೋಡಲು ಬಂದ ದಿನ ಅವರ ಚಪ್ಪಲಿಗಂಟಿ ಹೋದ ಮರಳನ್ನು ಅವರ ಸಾಮಿ ಲೆಕ್ಕಕ್ಕೆ ಹಿಡಿಯದಿರಲಿ ಎಂದು ಬೇಡಿಕೊಂಡೆ.