ಎರಡು ಸೇರು ಒಣಕೊಬ್ಬರಿ

ಒಣಕೊಬ್ಬರಿಯ ತುರಿ ಎಷ್ಟು ಹಗುರವೆಂಬುದು ನಿಮಗೆ ಗೊತ್ತಿರಬಹುದು. ನನಗೆ ಗೊತ್ತಾದದ್ದು ಬೇಗಂ ಬಜಾರಿನಲ್ಲಿ ಎರಡು ಕಿಲೋ ತುರಿ ಕೊಂಡು, ಆ ಚೀಲವನ್ನು ಎದೆಗವಚಿಕೊಂಡು ಕೂಕಟ್‌ಪಲ್ಲಿಯ ಬಸ್ಸು ಹತ್ತಿದಾಗ. ಪಕ್ಕದವರು ಇದೇನು ದಿಂಬೇ ಎಂದು ತೆಲುಗಿನಲ್ಲಿ ಕೇಳಿದರು. ಹೌದೆನ್ನುವುದೇ ಸುಲಭವಾಗಿತ್ತು.

ಊರಿಗೆ ಊರೇ ಕಂಪ್ಯೂಟರಿನ ಜ್ವರ ಹಿಡಿಸಿಕೊಂಡಿದ್ದ ಕಾಲ ಅದು. ಮಕ್ಕಳನ್ನು ಎಂಜಿನಿಯರಿಂಗಿಗೆ ತಳ್ಳಲು ಕೂಕಟ್‌ಪಲ್ಲಿಯ ಮಾಳಿಗೆ ಮಾಳಿಗೆಯ ಮೇಲೂ ಕೋಚಿಂಗ್ ತರಗತಿಗಳೆದ್ದಿದ್ದವು, ಅಂಥದ್ದೊಂದರಲ್ಲಿ ನಾನು ಭೌತಶಾಸ್ತ್ರ ಹೇಳುತ್ತಿದ್ದೆ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಕಬ್ಬಿಣ, ಪಾದರಸ, ಮಂಜುಗಡ್ಡೆ, ಎಲ್ಲದರ ಸಾಂದ್ರತೆಯೂ ನನಗೆ ಬಾಯಿಪಾಠ. ಕೊಬ್ಬರಿ ಪಠ್ಯದಲ್ಲಿರಲಿಲ್ಲ.

ನನ್ನ ಹೆಂಡತಿ ಸುಧಾ ಆಗ ಬಾಣಂತಿ. ತಾಯಿ ಹಿಂದಿನ ವರ್ಷವೇ ತೀರಿಕೊಂಡಿದ್ದರಿಂದ ತವರಿನ ಬಾಣಂತನವೆಂಬುದು ಅವಳ ಪಾಲಿಗಿರಲಿಲ್ಲ. ಅವಳಿಗೆ ಊಟ ಸೇರುತ್ತಿರಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸುವಳು. ಕೆನ್ನೆ ಒಳಸೇರುತ್ತಿತ್ತು, ಹಾಲು ಸಾಲದೆ ಮಗು ಅಳುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಒಂದು ಸಂಜೆ ಗೋಡೆಯ ಕಡೆ ತಿರುಗಿ ಮಲಗಿದವಳು, "ಅವ್ವ ಇದ್ದಿದ್ರ ಅಂಟಿನ ಉಂಡಿ ಕಟ್ಟತಿದ್ಲು," ಎಂದಳು. ಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಕರಿದ ಮರದ ಅಂಟು, ಬೆಲ್ಲ ಕೂಡಿಸಿ ಕಟ್ಟುವ ಆ ಉಂಡಿ ನಮ್ಮ ಕಡೆ ಬಾಣಂತಿಯ ಹಕ್ಕು. ನಾನೇ ಕಟ್ಟುವುದೆಂದು ತೀರ್ಮಾನಿಸಿದೆ.

ಅಳತೆಯನ್ನು ಫೋನಿನಲ್ಲಿ ಹೇಳಿದವರು ಬೀದರಿನ ಮೌಶಿ, ಸುಧಾಳ ತಾಯಿಯ ತಂಗಿ. ಮಂಡಿನೋವಿನಿಂದ ಅವರಿಗೆ ಪ್ರಯಾಣ ಆಗದು. "ಕೊಬ್ಬರಿ ತುರಿ ಎರಡು ಸೇರು, ಉತ್ತತ್ತಿ ಒಂದು ಸೇರು, ಅಂಟು ಪಾವುಸೇರು, ಬೆಲ್ಲ ಒಂದು ಕಿಲೋ ಹಾಕ್ರಿ." ಕಲಬುರಗಿಯ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಸೇರೆಂದರೆ ತಕ್ಕಡಿಯ ಸೇರು, ಕಿಲೋಗೆ ತುಸು ಕಡಿಮೆ. ಮೌಶಿಯ ಸೇರಾದರೋ ಕಾಳು ತುಂಬಿ ಅಳೆಯುವ ಹಿತ್ತಾಳೆಯ ಪಾತ್ರೆ. ಒಂದೇ ಹೆಸರಿನೊಳಗೆ ತೂಕವೂ ಗಾತ್ರವೂ ಸಂಸಾರ ಹೂಡಿದ್ದವು. ಎರಡರ ನಡುವೆ ಸಾಂದ್ರತೆ ಕೂತಿದೆಯೆಂದು, ದಿನಬೆಳಗಾದರೆ ಅದನ್ನೇ ಹೇಳಿಕೊಡುವ ನನಗೆ ಹೊಳೆಯಲಿಲ್ಲ.

ಕಟ್ಟಲು ಕೂತರೆ ಮುಷ್ಟಿ ಬಿಚ್ಚಿದೊಡನೆ ಉಂಡಿ ಉದುರುತ್ತಿತ್ತು. ಬೆಲ್ಲ ಸರಿಯಾಗಿಯೇ ಇತ್ತು, ಕೊಬ್ಬರಿ ಬೇಕಾದ್ದರ ಮೂರು ಪಟ್ಟು. ಬಾಗಿಲಲ್ಲಿ ನಿಂತು ನೋಡಿದ ಸುಧಾ ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಮರುದಿನ ಫೋನ್ ಮಾಡಿ, ಮೌಶಿಯ ಸೇರು ತಕ್ಕಡಿಯದಲ್ಲ, ಪಾತ್ರೆಯೆಂದು ತಿಳಿದ ಮೇಲೆ, ಅವರಿಂದಲೇ ಅದಕ್ಕೆ ನೀರು ತುಂಬಿಸಿದೆ. "ಲೀಟರ್ ಬಾಟ್ಲಿ ಪೂರಾ ಹಿಡಿತೈತ್ರಿ, ಮ್ಯಾಲ ಒಂದು ಗುಟುಕು," ಎಂದರು. ಅಷ್ಟೇ ನೀರು ಹಿಡಿಯುವ ಸ್ಟೀಲ್ ಡಬ್ಬಿಯೊಂದನ್ನು ಹುಡುಕಿ, ಕೆಳಗಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೇ ತುಂಬಿ ತೂಗಿದೆ. ಕೊಬ್ಬರಿ ನೀರಿನ ಮೂರನೆಯ ಒಂದು ಪಾಲಷ್ಟೂ ತೂಗಲಿಲ್ಲ. ಉತ್ತತ್ತಿ ಇಡಿಯಾಗಿದ್ದಾಗ ಒಂದು ತೂಕ, ಹೆಚ್ಚಿದಾಗ ಇನ್ನೊಂದು. ಅಂಟು ಕರಿಯುವ ಮೊದಲು ಹರಳು, ಕರಿದ ಮೇಲೆ ಚುರುಮುರಿ. ಪುಸ್ತಕ ಒಂದು ವಸ್ತುವಿಗೆ ಒಂದೇ ಅಂಕಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅಡುಗೆಮನೆಯ ಪದಾರ್ಥಗಳಲ್ಲಿ ಅರ್ಧಕ್ಕರ್ಧ ಇರುವುದು ಚೂರು ಚೂರಿನ ನಡುವಿನ ಖಾಲಿ ಜಾಗ. ನಮ್ಮ ಮನೆಯೂ ಆಗ ಹಾಗೆಯೇ ಇತ್ತು, ನೋಡುವವರಿಗೆ ಮಗು ಬಂದು ತುಂಬಿದ ಮನೆ. ಆ ಖಾಲಿ ಜಾಗವನ್ನು ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಡಬ್ಬಿಯ ಬಾಯನ್ನು ಪಟ್ಟಿಯಿಂದ ಸವರಿ ಸಮ ಮಾಡಿ, ಎಷ್ಟು ಶುದ್ಧವಾಗಿ ಅಳೆದಿದ್ದೇನೆಂದು ಮೌಶಿಗೆ ಫೋನಿನಲ್ಲಿ ಒಪ್ಪಿಸಿದೆ.

"ಸವರಿದ್ರೇನ್ರಿ, ಮಾಸ್ತರ್ರ? ಸವರಿ ಕೊಡಾವ್ರು ಅಂಗಡ್ಯಾವ್ರು. ಬಾಣಂತಿಗೆ ರಾಶಿ ಇಟ್ಟು ಅಳೀಬೇಕು."

"ರಾಶಿ ಅಂದ್ರ ಎಷ್ಟ್ರಿ, ಮೌಶಿ?"

"ಎಷ್ಟು ನಿಂದರ್ತೈತಿ ಅಷ್ಟು."

ಸೇರಿಗೆ ಸವ್ವಾಸೇರು ಎಂಬ ಮಾತನ್ನು ಜಗಳಗಂಟರ ಬಗ್ಗೆ ಮಾತ್ರ ಆಡಿ ಬಲ್ಲವನು ನಾನು. ಅದು ಪ್ರೀತಿಯ ಅಳತೆಯೂ ಹೌದೆಂದು ಯೋಚಿಸುತ್ತ ಫೋನ್ ಇಡುವಷ್ಟರಲ್ಲಿ, ನನ್ನ ಪ್ರಶ್ನೆ ಕಿವಿಗೆ ಬಿದ್ದ ಸುಧಾ ಒಳಗಿನಿಂದ ಬಂದು, ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ, ಪರಾತದ ಅಗಲ ತಟ್ಟೆಯಲ್ಲಿಟ್ಟಿದ್ದ ಡಬ್ಬಿಯ ಮುಂದೆ ಕೂತಳು. ಎರಡೂ ಕೈಯಲ್ಲಿ ತುರಿಯನ್ನೆತ್ತಿ ಸುರಿದಳು. ಡಬ್ಬಿಯ ಮೇಲೆ ಗುಡ್ಡೆ ಏರಿತು, ಜಾರಿತು, ಮತ್ತೆ ಸುರಿದಳು.

"ಅವ್ವ ಹಿಂಗ ಅಳೀತಿದ್ಲು," ಎಂದಳು. "ಚೆಲ್ಲಿದ್ದೆಲ್ಲ ನನಗ."

ಪರಾತದೊಳಗೆ ಚೆಲ್ಲಿದ್ದನ್ನು ಬೆರಳಿಂದ ಬಳಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ, ಆಗಲೇ ತುಂಬಿದ್ದ ಡಬ್ಬಿಯ ಮೇಲೆ ಇನ್ನೊಂದು ಹಿಡಿ ಸುರಿದಳು, ಬೇಕೆಂದೇ ಚೆಲ್ಲುವ ಹಾಗೆ.